ಕೈ ನೋಡಿ ರೆಕ್ಕೆ ತಿದ್ದುವ ಸರ್ವಮಂಗಳ

ಬೆಳಗ್ಗೆ ಆರೂಕಾಲು. ಬಿಡದಿಯಾಚೆಯ ಬಯಲಿನಲ್ಲಿ ಗಾಳಿ ಇನ್ನೂ ಎದ್ದಿಲ್ಲ. ಸ್ವೆಟರಿನ ಮೇಲೆ ಸೆರಗು ಬಿಗಿದ ಹೆಂಗಸೊಬ್ಬರು ಪುಟ್ಟ ವಿಮಾನವೊಂದರ ಬಾಲದ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕೈಯಲ್ಲಿ ಎರಡು ಸ್ಟಿಕ್ಕುಗಳ ರಿಮೋಟು. ಸ್ಟಿಕ್ಕನ್ನು ಎಡಕ್ಕೆ ತಳ್ಳಿ, ಎಡ ರೆಕ್ಕೆಯ ಹಿಂಬದಿ ಅಂಚಿನಲ್ಲಿ ಏಳುವ ಇಳಿಯುವ ಪಟ್ಟಿ ಮೇಲೆದ್ದಿತೇ ಎಂದು ನೋಡುತ್ತಾರೆ. ಬಲಕ್ಕೆ ತಳ್ಳಿ ಮತ್ತೆ ನೋಡುತ್ತಾರೆ. “ಮುಂದ್ಗಡೆ ನಿಂತು ನೋಡುದ್ರೆ ಎಡ ಬಲ ಅದಲು ಬದಲಾಗೋಯ್ತದೆ ಸಾರ್. ಯಾವತ್ತೂ ಬಾಲದ ಕಡೆಯಿಂದ್ಲೇ ನೋಡ್ಬೇಕು” ಎನ್ನುತ್ತಾರೆ, ನನ್ನತ್ತ ತಿರುಗದೆ.

ಇವರು ಮಾಗಡಿಯ ಸರ್ವಮಂಗಳ. ವಯಸ್ಸು ನಲವತ್ತೆಂಟು, ಓದು ಎಸ್ಸೆಸ್ಸೆಲ್ಸಿ. ವಾರವೆಲ್ಲ ಅಂಗಡಿಯಲ್ಲಿ ಕೂತು ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ದಿನಕ್ಕೆ ಆರೇಳು ಗ್ಯಾರಂಟಿ. ಗಂಡ ರೇಣುಕಾಪ್ರಸಾದ್ ತೋಟಗಳಿಗೆ ಹೋಗಿ ಪಂಪ್‌ಸೆಟ್ ನೋಡಿಕೊಳ್ಳುತ್ತಾರೆ. ಭಾನುವಾರ ಮಾತ್ರ ಸರ್ವಮಂಗಳ ಮೊದಲ ಬಸ್ಸು ಹಿಡಿದು ಈ ಬಯಲಿಗೆ ಬರುತ್ತಾರೆ. ಇಲ್ಲಿ ಮಾದರಿ ವಿಮಾನ ಹಾರಿಸುವ ಇಪ್ಪತ್ತು ಮೂವತ್ತು ಮಂದಿಗೆ ರಿಮೋಟಿನ ಸೆಟ್ಟಿಂಗ್ ಮಾಡಿಕೊಡುವವರು ಇವರೇ. ದೊಡ್ಡವರ ಆಟಿಕೆಗೆ ಇಷ್ಟೆಲ್ಲ ಯಾಕಪ್ಪ ಎಂದುಕೊಂಡೇ ಬಂದವನು ನಾನು. ಸುಳ್ಳೇಕೆ ಹೇಳಲಿ, ಒಂದು ಗಂಟೆಯೊಳಗೆ ತೆಪ್ಪಗಾಗಿದ್ದೇನೆ.

ಯಾರ ರಿಮೋಟನ್ನೇ ಆಗಲಿ, ಮುಟ್ಟುವ ಮೊದಲು ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಸ್ಟೀಲ್ ಲೋಟದ ಅಂಚಿನವರೆಗೆ ತುಂಬಿ ಕೊಡುತ್ತಾರೆ. ಉಪಚಾರವೆಂದು ನಾನೂ ಇಸಕೊಳ್ಳುತ್ತೇನೆ. ಅವರ ಕಣ್ಣು ನನ್ನ ಬೆರಳುಗಳ ಮೇಲಿದೆ. “ನಿಮ್ದು ಆತುರದ ಕೈ ಸಾರ್. ಬಿಸಿ ಆರೋಗಂಟ ಕಾಯಲ್ಲ. ನಿಮ್ಗಾದ್ರೆ ಸ್ಟಿಕ್ಕು ಪೂರ್ತಿ ತಳ್ಳುದ್ರೂ ಪಟ್ಟಿ ಮುಕ್ಕಾಲೇ ಏಳೋ ಅಂಗೆ ಇಕ್ತೀನಿ.” ನನ್ನ ಹೆಂಡತಿ ಹದಿನೇಳು ವರ್ಷದಿಂದ ಹೇಳುತ್ತಿರುವುದನ್ನು ಈಕೆ ಎರಡು ಗುಟುಕಿನಲ್ಲಿ ಕಂಡುಹಿಡಿದಿದ್ದಾರೆ.

ಹೀಗೆ ಓದಿದ ಕೈಗಳು ಹನ್ನೊಂದು ವರ್ಷದಲ್ಲಿ ಇನ್ನೂರ ಹನ್ನೆರಡು. ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿವೆ. ‘ಅಜರ್, ಬಲ ಹೆಬ್ಬೆರಳು ಭಾರ’ ಎಂದಿದೆ ಒಂದು ಪುಟದಲ್ಲಿ. ರಾಮನಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅಜರ್ ನಗುತ್ತಾರೆ: “ನಮ್ಮನೇಲಿ ನನ್ ಮಾತು ಯಾರೂ ಕೇಳಲ್ಲ ಸಾರ್. ಅಕ್ಕ ಕೈ ಹಾಕಿದ್ಮೇಲೆ ವಿಮಾನ ಒಂದು ಕೇಳ್ತದೆ.”

ಮೊದಲ ರಿಮೋಟು ಅಂಗಡಿಗೆ ಬಂದದ್ದು ಸ್ಟಿಕ್ಕು ಮುರಿದುಕೊಂಡು. ಸರಿಮಾಡಿ ಕಳಿಸಿದ್ದರೆ ಮುಗಿದಿತ್ತು. ಈಕೆ ಒಳಗಿನ ಮೆನು ತೆರೆದರು, ಇಂಗ್ಲಿಷ್ ಕೈಪಿಡಿಯ ನಕಲು ಮಾಡಿಸಿಕೊಂಡರು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ತಿಂಗಳು ಓದಿದರು. ಯಾರೂ ಹೇಳಿಕೊಟ್ಟಿಲ್ಲ.

ಇವತ್ತು ಮಾತ್ರ ಅವರ ಮುಖದಲ್ಲಿ ನಗುವಿಲ್ಲ. ಎದುರಿಗಿರುವ ವಿಮಾನ ಕನಕಪುರದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಲಕ್ಷ್ಮಯ್ಯನವರದು. ಎಪ್ಪತ್ತೊಂದು ವರ್ಷ, ಎರಡೂ ಕೈ ನಡುಗುತ್ತವೆ. ಆ ನಡುಕ ವಿಮಾನಕ್ಕೆ ಹೋಗದಂತೆ ಸ್ಟಿಕ್ಕಿನ ನಡುಭಾಗವನ್ನು ಮೆದು ಮಾಡಬೇಕು. “ಹಳೇ ಬಸ್ಸಿನ ಸ್ಟೇರಿಂಗು ಒಸಿ ಅಲ್ಲಾಡ್ಸುದ್ರೆ ಚಕ್ರ ತಿರುಗಲ್ವಲ್ಲ, ಅಂಗೆ” ಎಂದು ಬಿಡಿಸಿ ಹೇಳುತ್ತಾರೆ.

ಕಳೆದ ವರ್ಷ ಅದನ್ನೇ ಮಾಡಲು ಹೋಗಿ ಎಡವಿದ್ದರು. ಕೆಲವು ಕಂಪನಿಯ ರಿಮೋಟಿನ ಮೆನುವಿನಲ್ಲಿ ಮೈನಸ್ ಅಂಕಿ ಕೊಟ್ಟರೆ ಸ್ಟಿಕ್ಕು ಮೆದು, ಇನ್ನು ಕೆಲವುಗಳಲ್ಲಿ ಪ್ಲಸ್. ಮೇಷ್ಟ್ರು ಹೊಸ ಕಂಪನಿಯದನ್ನು ತಂದಿದ್ದರು, ಅದಕ್ಕೆ ಪ್ಲಸ್ ಬೇಕಿತ್ತು. ಈಕೆ ಹಳೆಯ ರೂಢಿಯಲ್ಲಿ ಮೈನಸ್ ಕೊಟ್ಟರು. ನಡುಕ ಇಮ್ಮಡಿಯಾಗಿ ರೆಕ್ಕೆಗೆ ತಲುಪಿ, ವಿಮಾನ ಹತ್ತೇ ಸೆಕೆಂಡಿಗೆ ನೆಲಕ್ಕಪ್ಪಳಿಸಿತು. “ಅವ್ರು ತಮ್ ಕೈಯೇ ಕೈಕೊಡ್ತು ಅಂದ್ಕೊಂಡ್ರು. ನಾನೇ ಓಗಿ, ತಪ್ಪು ನಂದು ಮೇಷ್ಟ್ರೆ ಅಂದೆ. ಎದೆ ಒಡೆದೋದಂಗಾಗಿತ್ತು ಆವತ್ತು.”

ಮೇಷ್ಟ್ರು ಎಂಟು ತಿಂಗಳು ಕೂತು ಇನ್ನೊಂದನ್ನು ಕಟ್ಟಿದ್ದಾರೆ. ಇದೂ ಬಿದ್ದರೆ ಮತ್ತೊಂದನ್ನು ಕಟ್ಟುವ ಶಕ್ತಿ ಆ ಬೆರಳುಗಳಿಗಿಲ್ಲ, ಅದು ಇಬ್ಬರಿಗೂ ಗೊತ್ತು. “ಕಾಗದದ ಮೇಲೆ ಗೆರೆ ಎಳೆಯೋದು ಬುಟ್ಬುಟ್ಟೆ ಕಣಪ್ಪ. ಮೇಲೆ ಆಕಾಶದಲ್ಲಾದ್ರೂ ಒಂದು ನೆಟ್ಟಗಿನ ಗೆರೆ ಎಳೀಬೇಕು” ಎನ್ನುತ್ತಾರೆ ಅವರು. ರಿಮೋಟನ್ನು ಬೇರೆಯವರಿಂದ ತಿದ್ದಿಸಿ ಎಂದು ಯಾರೋ ಹೇಳಿದ್ದಕ್ಕೆ ಸಿಡುಕಿದರಂತೆ.

ಸರ್ವಮಂಗಳ ಪರದೆಯನ್ನು ಮೂರು ಸಲ ಓದಿ, ರಿಮೋಟಿನ ಪಟ್ಟಿಯನ್ನು ಮೇಷ್ಟ್ರ ಕೊರಳಿಗೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೋಟಾರು ಗುಂಯ್ಗುಡುತ್ತದೆ. ವಿಮಾನ ಹುಲ್ಲು ಬಿಟ್ಟು ಏಳುತ್ತದೆ.

ನಾನು ವಿಮಾನ ನೋಡುತ್ತೇನೆ, ಮೇಷ್ಟ್ರ ಕೈ ನೋಡುತ್ತೇನೆ, ಮತ್ತೆ ವಿಮಾನ ನೋಡುತ್ತೇನೆ. ಕೈ ನಡುಗುತ್ತಲೇ ಇದೆ, ಹೆಬ್ಬೆರಳಿನ ಕೆಳಗೆ ಸ್ಟಿಕ್ಕುಗಳೂ ಅದುರುತ್ತಿವೆ. ಮೇಲೆ ರೆಕ್ಕೆ ಮಾತ್ರ ಅಲುಗುವುದಿಲ್ಲ. ಇಷ್ಟು ವರ್ಷದ ಪತ್ರಿಕಾ ಕೆಲಸದಲ್ಲಿ ಹೀಗೊಂದು ಕೈಚಳಕವನ್ನು ನಾನು ಕಂಡಿಲ್ಲ. ಮಾಗಡಿಯ ಮಿಕ್ಸಿ ಅಂಗಡಿಯಲ್ಲಿ ಇದು ಕೂತಿತ್ತೆಂದರೆ ಏನು ಹೇಳುವುದು? ವಿಮಾನ ಬಯಲಿನ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗುತ್ತದೆ, ತಿರುಗಿ ಬರುತ್ತದೆ. ಏಳು ನಿಮಿಷದ ನಂತರ ಇಳಿದು, ಹುಲ್ಲಿನ ಮೇಲೆ ಒಂದಿಷ್ಟು ದೂರ ಓಡಿ ನಿಲ್ಲುತ್ತದೆ. ಆಗ ಸರ್ವಮಂಗಳ ಉಸಿರು ಬಿಡುತ್ತಾರೆ.

ಮೇಷ್ಟ್ರು ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಾರೆ. ಕಣ್ಣು ಒದ್ದೆಯಾಗಿದೆ. “ಇವತ್ತೂ ನಡುಗ್ತಿತ್ತು ಕಣಮ್ಮ ಮಂಗಳ” ಎನ್ನುತ್ತಾರೆ.

ಸರ್ವಮಂಗಳ ಅವರ ಕೊರಳಿನಿಂದ ಮೆಲ್ಲಗೆ ಪಟ್ಟಿ ಬಿಡಿಸುತ್ತಾರೆ.

“ವಿಮಾನಕ್ಕೆ ಗೊತ್ತಾಗ್ಲಿಲ್ಲ ಬುಡಿ ಮೇಷ್ಟ್ರೆ.”