ಶೆಕ್ಕಿಯ ಮುರಿದ ಕೊಂಬು

ಬುರ್ಗಾಳ ಬಾಯಿಗೆ ಹೆದರದವರು ಮ್ಯೂನಿಕ್ ನಗರದ ಬಳಿಯ ಡಾಖೌ ಬಯಲಿನಲ್ಲೇ ಇರಲಿಲ್ಲ. ರೈಲ್ವೆ ಗೇಟು ಕಾಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಗೇಟನ್ನೂ ಕಾದಳು, ಊರವರ ಬಟ್ಟೆಯನ್ನೂ ಒಗೆದಳು, ಶೆಕ್ಕಿ ಎಂಬ ಒಂದೇ ಮೇಕೆಯ ಹಾಲಿನಲ್ಲಿ ಹೆಣ್ಣುಮಕ್ಕಳನ್ನು ಸಾಕಿದಳು. ಆ ಮೇಕೆಯೇ ಕಾಣೆಯಾದರೆ ಸುಮ್ಮನಿರುತ್ತಾಳೆಯೇ? ಊರೆಲ್ಲ ಜಾಲಾಡಿದಳು. ಸಿಕ್ಕಿದ್ದು ನೆರೆಮನೆಯ ಬಾರ್ಟಲ್‌ನ ಕೊಟ್ಟಿಗೆಯಲ್ಲಿ!

"ಇದು ನಂದು ಕಣೇ, ಸಂತೇಲಿ ತಂದಿದ್ದು," ಎಂದ ಬಾರ್ಟಲ್.

"ನಿನ್ನ ನಾಲಿಗೆ ಸೇದ್ಹೋಗ!"

ನ್ಯಾಯ ಊರ ಮುಖ್ಯಸ್ಥ ಕ್ವಿರೀನನ ಅಡುಗೆಮನೆಗೆ ಬಂತು, ಮೇಕೆಯೂ ಬಂತು. ಗೆದ್ದೇಬಿಟ್ಟೆ ಎಂಬ ಹುಮ್ಮಸ್ಸಿನಲ್ಲಿ ಬುರ್ಗಾ ಒಂದು ಕಾಗದ ಬಿಚ್ಚಿದಳು. ಬೇಸಿಗೆಯಲ್ಲಿ ಮ್ಯೂನಿಕ್‌ನಿಂದ ಬಂದಿದ್ದ ಚಿತ್ರಗಾರ್ತಿ ಶೆಕ್ಕಿಯನ್ನು ಎದುರಿಗೆ ನಿಲ್ಲಿಸಿಕೊಂಡು ತಾಮ್ರದ ತಗಡಿನ ಮೇಲೆ ಸೂಜಿಯಲ್ಲಿ ಗೀಚಿದ್ದಳು. ಆ ತಗಡಿಗೆ ಮಸಿ ಮೆತ್ತಿ ಕಾಗದಕ್ಕೆ ಒತ್ತಿ ಬುರ್ಗಾಳಿಗೆ ಕೊಟ್ಟುಹೋದ ಚಿತ್ರವಿದು. ಬಯಲಿನಲ್ಲಿ ಒಂಟಿ ಮೇಕೆ. ಮುರಿದ ಕೊಂಬು, ಅದರ ಕೆಳಗೆ ಹರಿದ ಕಿವಿ.

ಕ್ವಿರೀನ ಚಿತ್ರ ನೋಡಿದ, ಮೇಕೆ ನೋಡಿದ. "ಬುರ್ಗಾ, ಚಿತ್ರದಲ್ಲಿ ಮುರಿದಿರೋದು ಎಡಗೊಂಬು. ಇದರದ್ದು ಬಲಗೊಂಬು."

"ನಿನ್ನ ಸಾಕ್ಷಿ ನಂಗೇ ಸಾಕ್ಷಿ ಆಯ್ತಲ್ಲೇ!" ಬಾರ್ಟಲ್ ಗಹಗಹಿಸಿದ.

ಬುರ್ಗಾ ಚಿತ್ರವನ್ನು ಕಸಿದು ನೋಡಿದಳು, ಎಡಗೊಂಬೇ. ದಿನಾ ತನ್ನ ಮನೆಯ ಗೋಡೆಯ ಮೇಲೆ ನೋಡಿದ್ದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಇನ್ನು ಮಕ್ಕಳಿಗೆ ಹಾಲೆಲ್ಲಿಂದ ತರುವುದು? ಅಷ್ಟರಲ್ಲಿ ಒಲೆಯ ಬಳಿ ಕ್ವಿರೀನನ ಹೆಂಡತಿ ಆಫ್ರಾ ಮರದ ಅಚ್ಚಿನಿಂದ ಬೆಣ್ಣೆ ಬಿಡಿಸುತ್ತಿದ್ದುದು ಕಂಡಿತು.

"ಆಫ್ರಕ್ಕಾ, ಅಲ್ಲಾಡ್ಬೇಡ!" ಬುರ್ಗಾ ಕಿರುಚಿದಳು. "ಅಚ್ಚಲ್ಲಿರೋ ಹುಂಜ ಎತ್ಲಾಗೆ ನೋಡ್ತದೆ?"

"ಎಡಕ್ಕೆ."

"ಬೆಣ್ಣೆ ಮೇಲಿಂದು?"

"ಬಲಕ್ಕೆ ಕಣೇ, ಯಾವತ್ತೂ ಹಂಗೇ ಅಲ್ವಾ?"

"ಯೇಸು ಮರಿಯಮ್ಮಾ! ನನ್ನ ಚಿತ್ರಾನೂ ಒತ್ತಿದ್ದೇ ಕಣ್ರೋ, ಎಡ ಬಲ ತಿರುಗ್ಬಿಟ್ಟದೆ!"

ಓಡಿಹೋಗಿ ಕಾಗದವನ್ನು ತಿರುವಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬಿಸಿಲು ಹಾಯ್ದು ಗೆರೆಗಳು ಹಿಂಬದಿಯಲ್ಲಿ ಮೂಡಿದವು. ಮುರಿದದ್ದು ಬಲಗೊಂಬು! ಹರಿದದ್ದೂ ಬಲಗಿವಿ! ಮೇಕೆಯದೂ ಹಾಗೇ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬಾರ್ಟಲ್‌ನ ಮುಖ ಇಂಗು ತಿಂದ ಮಂಗನಂತಾಯಿತು.

"ಹಗ್ಗ ಬಿಡೋ," ಎಂದ ಕ್ವಿರೀನ.

ಬುರ್ಗಾ ಶೆಕ್ಕಿಯ ಕೊರಳು ತಬ್ಬಿ ಅತ್ತಳು, ನಕ್ಕಳು, ಮತ್ತೆ ಅತ್ತಳು. "ಬಾರೇ ಮೂಳಿ, ನಡಿ ಮನೆಗೆ!" ಎನ್ನುತ್ತ ಹೊಸ್ತಿಲು ದಾಟಿದಳು.

"ಏ ಬುರ್ಗಾ, ಚಿತ್ರ ಬಿಟ್ಟು ಹೊರಟ್ಯಲ್ಲೇ!" ಆಫ್ರಾ ಕೂಗಿದಳು.

"ನೀವೇ ಇಟ್ಕೊಳ್ಳಿ! ಹಾಲು ಕರೆಯೋ ಹೊತ್ತಾಯ್ತು. ಆ ಚಿತ್ರ ಹಿಂಡಿದ್ರೆ ಮಸಿ ಬರತ್ತೆ ಅಷ್ಟೇ!"