ಚಪ್ಪಡಿಯ ಮೇಲಿನ ದಾರಿ

ಎಣ್ಣೆ ಅಂಗಡಿಯ ಅಜ್ಜನ ಬಲಗಾಲಿನ ಹೆಬ್ಬೆರಳ ಉಗುರು ಸದಾ ಕಪ್ಪಗಿರುತ್ತಿತ್ತು. ಮಂದಿಯ ಸಾಮಾನು ಒದ್ದೂ ಒದ್ದೂ ಹಾಗಾಗಿತ್ತು. ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಚರಂಡಿಗೆ ಮುಚ್ಚಿದ ಕಲ್ಲುಚಪ್ಪಡಿಯೇ ಫುಟ್‌ಪಾತು. ತಮ್ಮ ಅಂಗಡಿಯ ಬಾಗಿಲು ತೆಗೆಯುವ ಮೊದಲು ಅಜ್ಜ ಬೀದಿಯುದ್ದ ಹೋಗಿ, ಚಪ್ಪಡಿಯ ಮೇಲಿಟ್ಟ ಮೂಟೆ, ಸ್ಟೂಲು, ಬೋರ್ಡುಗಳನ್ನೆಲ್ಲ ಕಾಲಲ್ಲೇ ಅವರವರ ಅಂಗಡಿಯತ್ತ ನೂಕುತ್ತಿದ್ದರು. ಜೊತೆಗೆ ಬೈಗುಳ ಬೇರೆ.

ಕಣ್ಣು ಪೂರಾ ಮಂಜಾದ ಮೇಲೂ ನನ್ನವ್ವ ಕೋಲು ಹಿಡಿದು ಒಬ್ಬಳೇ ಮಠಕ್ಕೆ ಹೋಗಿಬರುತ್ತಿದ್ದಳೆಂದರೆ ಅದು ಈ ಅಜ್ಜನಿಂದ. ನಾನು ಕೈ ಹಿಡಿಯಲು ಹೋದರೆ ಅವಳಿಗೆ ಸಿಟ್ಟು. "ಬಿಡೇ, ನಾನೇನು ಕೂಸಾ?" ಹಾಗೆ ಒಬ್ಬಳೇ ಹೊರಗೆ ಹೋಗುವುದೊಂದೇ ಅವಳಿಗೆ ಸ್ವಂತದ್ದು ಅಂತ ಉಳಿದಿತ್ತು.

ಮೊಬೈಲ್ ಅಂಗಡಿಯವನು ಒಮ್ಮೆ ಜಗಳಕ್ಕೇ ನಿಂತ. "ಮುನ್ಸಿಪಾಲ್ಟಿ ಆಫೀಸಿನೋರೇ ಕೇಳಲ್ಲ, ನಿಂಗ್ಯಾಕಜ್ಜ ಊರ ಉಸಾಬರಿ?"

"ಆಯಮ್ಮ ಆಫೀಸಿನಾಗೆ ನಡೀತಾಳೇನಲೇ? ಚಪ್ಪಡಿ ಮ್ಯಾಲೆ ನಡೀತಾಳೆ. ತೆಗಿ!"

ತಮ್ಮ ಮಗನೇ ಎಣ್ಣೆ ಡಬ್ಬಗಳನ್ನು ಹೊರಗೆ ಜೋಡಿಸಿದ ದಿನ ಅಂಗಡಿಗೇ ಬೀಗ ಜಡಿದು ಕೂತರು. "ಒಳಗೆ ಹಿಡಿಸಿದಷ್ಟು ಯಾಪಾರ ಸಾಕು" ಎಂದರು.

ಹೋದ ವರ್ಷ ಅಜ್ಜ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಹೂವಿನ ಮಂಟಪದಂಥ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ ಒಯ್ಯುತ್ತಾರೆ. ಅದಕ್ಕೆ ಅಗಲ ಜಾಗ ಬೇಕು. ಯಾರೂ ಹೇಳದೆ ಇಡೀ ಬೀದಿ ತನ್ನ ಸಾಮಾನನ್ನು ಒಳಗೆಳೆದುಕೊಂಡಿತು. ಮೊಬೈಲ್ ಅಂಗಡಿಯವನೂ ಬೋರ್ಡು ಎತ್ತಿಟ್ಟು ಕೈಮುಗಿದ. ಅವ್ವ ಚಪ್ಪಡಿಯ ಮೇಲೆ, ವಿಮಾನದ ಜೊತೆಜೊತೆಗೇ ಬೀದಿಯ ಕೊನೆಯವರೆಗೂ ನಡೆದಳು. ಕೋಲಿಗೆ ಏನೂ ತಾಗಲಿಲ್ಲ. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಎಲ್ಲರೂ ಅಳುವಾಗ ನಾನು ಮಡಚಿ ಕೂರಿಸಿದ ಆ ಕಾಲನ್ನು, ಕಪ್ಪು ಉಗುರನ್ನು ಸುಮ್ಮನೆ ನೋಡುತ್ತಿದ್ದೆ.

ಮಣ್ಣು ಮಾಡಿ ಬರುವಷ್ಟರಲ್ಲಿ ಮೂಟೆಗಳು ಮತ್ತೆ ಚಪ್ಪಡಿಗೆ ಬಂದಿದ್ದವು. ಬೋರ್ಡೂ ಬಂದಿತ್ತು.

ಮರುದಿನ ಅವ್ವ ಎಂದಿನಂತೆ ಮಠಕ್ಕೆ ಹೊರಟವಳು ಸ್ವಲ್ಪ ಹೊತ್ತಿಗೇ ಮರಳಿದಳು. ಬೋರ್ಡಿನ ಅಂಚು ತಾಗಿ ಮೊಣಕಾಲ ಕೆಳಗೆ ತರಚಿ ರಕ್ತ ಬಂದಿತ್ತು. ಮೊಬೈಲ್ ಅಂಗಡಿಯವನನ್ನು ವಿಚಾರಿಸಿಕೊಳ್ಳುತ್ತೇನೆಂದು ನಾನು ಎದ್ದೆ.

"ಬ್ಯಾಡ, ಸುಮ್ಕಿರು. ದಿನಾ ಒದಿಯಾಕೆ ನಿನ್ ಕೈಲಿ ಆಗಲ್ಲ" ಎಂದು ಕೋಲನ್ನು ಬಾಗಿಲ ಹಿಂದೆ ಒರಗಿಸಿದಳು.

ಅದು ನಿಜ. ನನ್ನ ಕೈಲಿ ಆಗಲಿಲ್ಲ. ಈಗ ನಾನೇ ಅವಳ ಕೈ ಹಿಡಿದು, ರಸ್ತೆಗಿಳಿದು, ಲಾರಿಗಳ ಪಕ್ಕದಲ್ಲಿ ಮಠಕ್ಕೆ ಕರೆದೊಯ್ಯುತ್ತೇನೆ. ಅವ್ವ 'ಬಿಡೇ' ಅನ್ನುವುದಿಲ್ಲ.