ಶಾಕ್ ಅಬ್ಸಾರ್ಬರಿಗೆ ಮೆತ್ತಿದ ಅರಗು

ನನ್ನ ಕಾರಿನ ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರುತ್ತಿದೆ ಎಂದು ಕಂಡುಹಿಡಿದವನು ನನ್ನ ಗೆಳೆಯ. ಚನ್ನಪಟ್ಟಣದ ಹಳೇ ಹೆದ್ದಾರಿಯ ಪಕ್ಕ ಅವನದೊಂದು ಗ್ಯಾರೇಜು. ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವರು ನಾವು. ಆಮೇಲೆ ಅವನು ಸ್ಪ್ಯಾನರ್ ಹಿಡಿದ, ನಾನು ಅಪ್ಪನ ಹಾಗೆ ಬೊಂಬೆ ಕಡೆಯಲು ಲೇತಿನ ಮುಂದೆ ಕೂತೆ. ಅವತ್ತು ಟೀ ಕುಡಿಯಲು ಹೋಗಿದ್ದೆ ಅಷ್ಟೇ. ಅವನು ಸುಮ್ಮನೆ ಬಗ್ಗಿ ಕಾರಿನ ಅಡಿ ನೋಡಿದ.

"ಲೇ, ಶಾಕಬ್ಸರ್ ಸೋರ್ತಾ ಐತೆ ಕಣ್ಲಾ. ವಾರಂಟಿ ಇನ್ನೂ ಐತಲ್ಲ, ಹಂಗೇ ರಾಮನಗರಕ್ಕೆ ತಕ್ಕೊಂಡೋಗು. ಹೊಸದು ಹಾಕ್ಕೊಡ್ತಾರೆ. ಯಾವನ ಕೈಲೂ ಮುಟ್ಟಿಸ್ಬ್ಯಾಡ. ನೀನಂತೂ ಮುಟ್ಲೇಬ್ಯಾಡ."

ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ. ಎಕ್ಸ್‌ಪ್ರೆಸ್ ಹೆದ್ದಾರಿ ಬಂದ ಮೇಲೆ ಅವನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲುವುದೇ ಅಪರೂಪವಾಗಿತ್ತು. ರಾಮನಗರದ ಅದೇ ಸರ್ವಿಸ್ ಸೆಂಟರಿಗೆ ಅವನು ಕೆಲಸಕ್ಕೆ ಅರ್ಜಿ ಹಾಕಿದ್ದ. "ನೀ ಹೋದಾಗ ನನ್ನ ವಿಸ್ಯ ಒಸಿ ಒಳ್ಳೇದು ಹೇಳಪ್ಪ. ಈ ವಯಸ್ನಲ್ಲಿ ಇನ್ನೆಲ್ಲಿ ಕೆಲ್ಸ ಕೊಡ್ತಾರೆ ನಂಗೆ" ಎಂದ. ಹೇಳದೆ ಬಿಡುತ್ತೇನೆಯೇ ಎಂದೆ. ಅವನ ಕೈಚಳಕವನ್ನು ನನ್ನಷ್ಟು ಬಲ್ಲವರು ಯಾರಿದ್ದಾರೆ?

ಮನೆಗೆ ಬಂದು ವಾರಂಟಿ ಪುಸ್ತಕ ತೆಗೆದೆ. ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಅತಿ ಭಾರ ಹೇರಿದ್ದರಿಂದ ಆದ ಹಾನಿಗೆ ವಾರಂಟಿ ಇಲ್ಲ ಎಂದಿತ್ತು. ಬೊಂಬೆಗೆ ಬೇಕಾದ ಹಾಲೆಮರದ ದಿಮ್ಮಿಗಳನ್ನು ಮಾಗಡಿ ಕಡೆಯಿಂದ ನಾನು ಅದೇ ಕಾರಿನಲ್ಲಿ ತರುತ್ತಿದ್ದೆ. ಹಿಂದಿನ ಸೀಟು ಮಡಚಿ, ಡಿಕ್ಕಿಯ ಬಾಗಿಲು ಮುಚ್ಚದಷ್ಟು ತುಂಬುತ್ತಿದ್ದೆ. ಎಣ್ಣೆ ಸುರಿಯುವುದನ್ನು ಕಂಡರೆ ಅವರು ಏನು ಹೇರಿದ್ದೆ ಎಂದು ಕೇಳದೆ ಇರುತ್ತಾರೆಯೇ? ಸೋರುವುದು ಒಸಿ ಕಮ್ಮಿಯಾದರೆ ಕೇಳಲಿಕ್ಕಿಲ್ಲ ಎಂದು ನನ್ನ ಬುದ್ಧಿ ಲೆಕ್ಕ ಹಾಕಿತು.

ನಮ್ಮ ಕಸುಬಿನವರಿಗೆ ಒಂದು ಚಾಳಿ ಇದೆ. ಎಲ್ಲಿ ಬಿರುಕು ಕಂಡರೂ ಕೈ ಅರಗಿನ ಕಡ್ಡಿಗೆ ಹೋಗುತ್ತದೆ. ಬೊಂಬೆ ಬಿರಿದರೂ ಅರಗು, ಚಾಕುವಿನ ಹಿಡಿ ಸಡಿಲವಾದರೂ ಅರಗು. ನಮ್ಮಮ್ಮ ತೂತಾದ ಕೊಡಕ್ಕೂ ಅರಗು ಮೆತ್ತಿ ಎಷ್ಟೋ ವರ್ಷ ನೀರು ತಂದಳು. ಭಾನುವಾರ ಬೆಳಿಗ್ಗೆ ಕಾರಿಗೆ ಜಾಕ್ ಕೊಟ್ಟು ಚಕ್ರ ಬಿಚ್ಚಿದೆ. ಶಾಕ್ ಅಬ್ಸಾರ್ಬರಿನ ಮೇಲಿದ್ದ ರಬ್ಬರ್ ಕವಚ ಸರಿಸಿ, ಎಣ್ಣೆ ಒರೆಸಿ, ಸೀಮೆಎಣ್ಣೆ ಸ್ಟೌವಿನಲ್ಲಿ ಕೆಂಪು ಅರಗು ಕಾಯಿಸಿ ಸೋರುವ ಜಾಗದ ಸುತ್ತ ಮೆತ್ತಿದೆ. ಅಷ್ಟಕ್ಕೇ ಬಿಟ್ಟೆನೇ? ಬೊಂಬೆಗೆ ಉಜ್ಜುವ ಹಾಗೆ ಒಣಗಿದ ತಾಳೆಗರಿಯಿಂದ ಉಜ್ಜಿ ಹೊಳಪು ಬೇರೆ ಕೊಟ್ಟೆ. ಕಾರಿನ ಅಡಿ ಯಾರಿಗೂ ಕಾಣದ ಕಡೆ ಅದು ಬುಗುರಿಯ ಹಾಗೆ ಮಿಂಚಿತು. ನಾನೇ ಮೆಚ್ಚಿಕೊಂಡೆ.

ಮರುದಿನ ರಾಮನಗರಕ್ಕೆ ಹೊರಟೆ. ರಸ್ತೆಯ ಮೊದಲ ಹಂಪಿನಲ್ಲೇ ಚಟ್ ಎಂದಿತು. ಮೇಲೆ ಕೆಳಗೆ ಆಡುವ ಕಂಬಿಗೆ ಅಂಟಿದ ಅರಗು ನಿಲ್ಲುತ್ತದೆಯೇ? ಒಡೆದ ಚೂರುಗಳು ಒಳಗಿನ ಸೀಲನ್ನು ಕೊಯ್ದವೋ ಏನೋ, ಸರ್ವಿಸ್ ಸೆಂಟರಿನಲ್ಲಿ ಕಾರನ್ನು ಮೇಲೆತ್ತಿದಾಗ ಎಣ್ಣೆ ತೊಟತೊಟನೆ ಬೀಳುತ್ತಿತ್ತು.

ಅಲ್ಲಿ ನನ್ನ ಕಾರು ನೋಡಿದವಳು ಮಗಳ ವಯಸ್ಸಿನ ಹುಡುಗಿ. ಟಾರ್ಚ್ ಬಿಟ್ಟು ನೋಡಿ, "ಸರ್, ಇಲ್ಲಿ ಬನ್ನಿ. ಇದೇನಿದು ಕೆಂಪಗೆ?" ಎಂದಳು. ಪಕ್ಕದಲ್ಲಿ ಕಾಯುತ್ತಿದ್ದ ಇಬ್ಬರು ತಲೆಯೆತ್ತಿದರು. ಊರೂರಿಗೆ ಬೊಂಬೆ ಕಳಿಸುವವನು, ನಾಲ್ಕು ಜನ ಯಜಮಾನ್ರೇ ಎಂದು ಕರೆಯುವವನು, ಕಾರಿಗೆ ಅರಗು ಮೆತ್ತಿದೆ ಎಂದು ಆ ಹುಡುಗಿಗೆ ಹೇಗೆ ಹೇಳುವುದು? ನನಗೆ ಮೂಗಿನ ತುದಿಯಲ್ಲೇ ಕೋಪ, ತಪ್ಪು ನನ್ನದಾದರೆ ಅದು ಇನ್ನೂ ಬೇಗ ಬರುತ್ತದೆ.

"ನನ್ನ ಕೇಳಿದ್ರೆ? ನಮ್ಮೂರ ಮೆಕ್ಯಾನಿಕ್ ಏನೋ ಮಾಡವ್ನೆ!" ಎಂದು ರೇಗಿದೆ.

"ಯಾವ ಗ್ಯಾರೇಜ್ ಸರ್?"

ಹೇಳಿಬಿಟ್ಟೆ. ಬಾಯಿ ತಾನಾಗಿ ಹೇಳಿತು ಎಂದರೆ ಸುಳ್ಳಾಗುತ್ತದೆ, ನಾನೇ ಹೇಳಿದೆ. ಅವನ ಹೆಸರು, ಗ್ಯಾರೇಜಿನ ಗುರುತು, ಎಲ್ಲ. ಅವಳು ಬರೆದುಕೊಳ್ಳುವಾಗ ಅವನ ಬಗ್ಗೆ ಹೇಳಬೇಕಿದ್ದ ಒಳ್ಳೆಯ ಮಾತು ನೆನಪಾಯಿತು. ಇನ್ನು ಹೇಳುವುದು ಏನನ್ನು?

"ಹಾಗೇ ತಂದಿದ್ರೆ ಬದಲಾಯಿಸಿ ಕೊಡ್ತಿದ್ವಿ ಸರ್. ಇಷ್ಟು ಬೇಗ ಸೋರಿದ್ರೆ ಸೀಲಿನ ದೋಷ ಅಂತಲೇ ಬರೀತಿದ್ವಿ. ಹೊರಗಡೆ ಬಿಚ್ಚಿ ಹೀಗೆಲ್ಲ ಮಾಡಿದ್ದಕ್ಕೆ ವಾರಂಟಿ ಬರಲ್ಲ" ಎಂದಳು. ಭಾರದ ವಿಷಯ ಅವಳು ಕೇಳಲೇ ಇಲ್ಲ.

ಹದಿನೈದು ದಿನ ಗೆಳೆಯನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ಅವನೇ ಫೋನು ಮಾಡಿ ಯಾಕ್ಲಾ ಈ ಕಡೆ ಬರ್ಲಿಲ್ಲ ಎಂದು ಕರೆದ. ಬಿಡಿಭಾಗದ ಅಂಗಡಿಯಿಂದ ಶಾಕ್ ಅಬ್ಸಾರ್ಬರಿನ ಹೊಸ ಜೊತೆ ಕೊಂಡುಕೊಂಡು ಹೋದೆ. ಅವನು ಕಾರಿನ ಅಡಿ ಮಲಗಿ ಬೋಲ್ಟು ಬಿಚ್ಚತೊಡಗಿದ. ಅವನ ಕಾಲು ಮಾತ್ರ ಕಾಣುತ್ತಿತ್ತು.

"ಅಲ್ಲಿ ಕೆಲ್ಸ ಆಗ್ನಿಲ್ಲ ಕಣ್ಲಾ" ಎಂದ ಅಡಿಯಿಂದಲೇ. "ಶಾಕಬ್ಸರ್‌ಗೆ ಅರಗು ಹಚ್ಚಿದ್ದು ನೀವೇನಾ ಅಂತ ಕೇಳುದ್ರು."

"ನೀನೇನಂದೆ?"

"ಹೂಂ ಅಂದೆ. ಇನ್ನೇನನ್ಲಿ? ನೀನು ನನ್ನ ಹೆಸ್ರು ಹೇಳಿದ್ದೀಯ. ಇಲ್ಲ ಅಂದ್ರೆ ನೀ ಸುಳ್ಳ ಆಯ್ತಿದ್ದೆ." ಒಂದು ಚೂರು ಅರಗು ಕಿತ್ತು ಹೊರಗೆಸೆದ. "ಆ ಸ್ಪ್ಯಾನರ್ ಕೊಡು."

ಕೊಟ್ಟೆ. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಒಂದು ಮಾತು ಬಯ್ದಿದ್ದರೆ ನಾನೂ ತಿರುಗಿ ಬಯ್ದು ಹಗುರಾಗುತ್ತಿದ್ದೆ. ಅವನು ಬಯ್ಯಲಿಲ್ಲ, ನಾನು ತಪ್ಪಾಯಿತು ಎನ್ನಲಿಲ್ಲ.

ಮಾರನೆಯ ದಿನ ನನ್ನ ಬೊಂಬೆ ಅಂಗಡಿಗೆ ಬೀಗ ಹಾಕಿ ಬಸ್ಸಿನಲ್ಲಿ ರಾಮನಗರಕ್ಕೆ ಹೋದೆ. ಮ್ಯಾನೇಜರನ್ನು ಹುಡುಕಿ, ಆ ಹುಡುಗಿಯನ್ನೂ ಕರೆಸಿ ಹೇಳಿದೆ. ಅರಗು ಮೆತ್ತಿದ್ದು ನಾನು, ಅವನು ಮುಟ್ಟಬೇಡ ಎಂದೇ ಹೇಳಿದ್ದ, ನಿಮ್ಮ ಹತ್ತಿರ ಸುಳ್ಳು ಹೇಳಿದೆ ಎಂದೆ. ಸ್ಟೌವಿನಿಂದ ಹಿಡಿದು ಒಣಗರಿಯವರೆಗೆ ಎಲ್ಲ ಹೇಳಿದೆ.

ಮ್ಯಾನೇಜರು ನಕ್ಕರು. "ಅವರೇ ಒಪ್ಪಿಕೊಂಡಿದ್ದಾರಲ್ಲ ಯಜಮಾನ್ರೇ. ಅವರ ಕೆಲಸಕ್ಕೋಸ್ಕರ ನೀವು ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರ. ಈ ಕಾಲದಲ್ಲಿ ಯಾರು ಮಾಡ್ತಾರೆ ಹೀಗೆ? ಆದ್ರೆ ಆ ಜಾಗಕ್ಕೆ ಆಗಲೇ ಬೇರೆಯವರನ್ನ ತಗೊಂಡಾಯ್ತು."

"ಇಲ್ಲ ಸ್ವಾಮಿ, ನಿಜವಾಗ್ಲೂ ನಾನೇ" ಎಂದೆ. ಅವರ ನಗು ಇನ್ನೂ ಮೃದುವಾಯಿತು. ಆ ಹುಡುಗಿ ಹೋಗಿ ನನಗೆ ಟೀ ತಂದಳು, ಎರಡೂ ಕೈಯಲ್ಲಿ ಹಿಡಿದು, ಮನೆಯ ಹಿರಿಯರಿಗೆ ಕೊಡುವ ಹಾಗೆ. ಮೂರನೆಯ ಸಲ ನಾನು ಹೇಳಲಿಲ್ಲ. ಕೂತು ಆ ಟೀ ಕುಡಿದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಅವರು ನನ್ನನ್ನು ಒಳ್ಳೆಯವನೆಂದುಕೊಂಡದ್ದು ಆ ಟೀ ಮುಗಿಯುವವರೆಗೂ ನನಗೆ ಹಿತವಾಗಿಯೇ ಇತ್ತು.